ಕಿತ್ತಳೆ ಹಣ್ಣಿನ ಮೇಲೆ ಯಾರ ಹೆಸರು?

(ಮೊನ್ನೆ ನಮ್ಮ ಬಡಾವಣೆಯ ಓದುಗರ ಗುಂಪಿನಲ್ಲಿ ಆಡಿದ ಮಾತು ಇದು. ಅಲ್ಲಿ ಹೇಳಿದ್ದನ್ನೇ ಹೆಚ್ಚುಕಡಿಮೆ ಹಾಗೇ ಇಳಿಸಿದ್ದೇನೆ. ಹೇಳಲು ಮರೆತಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಒಂದು ಬುಟ್ಟಿ ಕಿತ್ತಳೆ ಇಟ್ಟಿದ್ದೇನೆ. ಮಾತು ಮುಗಿಯುವವರೆಗೆ ಕಾಯಬೇಕಿಲ್ಲ, ಬುಟ್ಟಿ ಕೈದಾಟಿಸಿ, ಸುಲಿದು ತಿನ್ನುತ್ತಾ ಕೇಳಿ. ಇವತ್ತಿನ ಮಾತೆಲ್ಲ ಈ ಹಣ್ಣಿನ ಹೆಸರಿನದ್ದೇ.

ನನ್ನ ಅಕ್ಕನ ಮಗಳು ನೆದರ್‌ಲ್ಯಾಂಡ್ಸ್‌ನಲ್ಲಿದ್ದಾಳೆ. ಹೋದ ಹೊಸದರಲ್ಲಿ ಒಂದು ದಿನ ಅಂಗಡಿಯಿಂದಲೇ ವಿಡಿಯೊ ಕಾಲ್ ಮಾಡಿದಳು. ಕೈಯಲ್ಲಿ ಒಂದು ಬಲೆಚೀಲ, ಒಳಗೆ ಏಳೆಂಟು ಕಿತ್ತಳೆ. "ಮಾಮ, ಈ ಚೀಟಿ ಓದು ನೋಡೋಣ. ಇವರ ರಾಜಮನೆತನದ ಹೆಸರು ಆರೆಂಜ್, ಫುಟ್‌ಬಾಲ್ ತಂಡದ ಅಂಗಿ ಆರೆಂಜ್. ಆದ್ರೆ ಆರೆಂಜ್ ಹಣ್ಣಿಗೆ ಮಾತ್ರ ಆರೆಂಜ್ ಅನ್ನಲ್ಲ!" ಅಂದಳು. ಚೀಟಿಯ ಮೇಲೆ ಇದ್ದ ಪದ ಸಿನಾಸಾಪೆಲ್. ಬಿಡಿಸಿದರೆ 'ಚೀನಾದ ಸೇಬು'. ಆ ಒಂದು ಚೀಟಿ ನನ್ನನ್ನು ಸುಮಾರು ದಿನ ನಿದ್ದೆ ಮಾಡಲು ಬಿಡಲಿಲ್ಲ. ಅವಳಿಗೆ ಉತ್ತರ ಹೇಳಬೇಕು ಅಂತ ಹುಡುಕಲು ಕೂತವನು ಲಿಸ್ಬನ್, ಅಥೆನ್ಸ್, ಮಾಸ್ಕೋ ಎಲ್ಲ ಸುತ್ತಿ ಕೊನೆಗೆ ನಮ್ಮ ಪಕ್ಕದ ಕೇರಳಕ್ಕೆ ಬಂದು ನಿಂತೆ.

ಯುರೋಪಿನ ಭಾಷೆಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಸ್ಪೇನಿನವರು ನರಾನ್ಹ ಅನ್ನುತ್ತಾರೆ, ಹಂಗೇರಿಯವರು ನರಾಂಚ್, ಪೋರ್ಚುಗೀಸರು ಲರಾಂಜ, ಇಟಲಿಯವರು ಅರಾಂಚ, ಫ್ರೆಂಚರು ಒರಾಂಜ್. ಇವೆಲ್ಲ ಒಂದೇ ಮನೆಯ ಮಕ್ಕಳು ಅಂತ ಕಿವಿಗೇ ಗೊತ್ತಾಗುತ್ತದೆ. ಉತ್ತರಕ್ಕೆ ಹೋದರೆ ಪೂರಾ ಬೇರೆ ಪದ. ಸ್ವೀಡನ್, ಡೆನ್ಮಾರ್ಕ್, ರಷ್ಯಾ, ಲಾಟ್ವಿಯಾ, ಫಿನ್ಲೆಂಡ್, ಎಲ್ಲ ಕಡೆ ಅಪೆಲ್ಸಿನ್ ಅಥವಾ ಅದರ ತಮ್ಮ ತಂಗಿ. ಆಗ್ನೇಯ ಮೂಲೆಗೆ ಇಳಿದರೆ ಇನ್ನೊಂದು. ಗ್ರೀಸ್‌ನಲ್ಲಿ ಪೊರ್ತೊಕಾಲಿ, ರೊಮೇನಿಯಾದಲ್ಲಿ ಪೊರ್ತೊಕಾಲ, ಬಲ್ಗೇರಿಯಾ ಮತ್ತು ಅಲ್ಬೇನಿಯಾದಲ್ಲಿ ಪೊರ್ತೊಕಾಲ್. ಇದರಲ್ಲಿ ಯಾವ ದೇಶದ ಹೆಸರಿದೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಮೊದಲನೇ ಮನೆಯಿಂದ ಶುರು ಮಾಡೋಣ, ಯಾಕೆಂದರೆ ಅದರ ಬೇರು ನಮ್ಮ ಕಡೆ ಇದೆ. ಸಂಸ್ಕೃತದಲ್ಲಿ ನಾರಂಗ. ಆದರೆ ಸಂಸ್ಕೃತಕ್ಕೂ ಇದು ಹೊರಗಿನಿಂದ ಬಂದ ಪದ, ದ್ರಾವಿಡ ಭಾಷೆಯೊಂದರಿಂದ ತೆಗೆದುಕೊಂಡದ್ದು ಅಂತ ನಿಘಂಟು ಮಾಡುವವರಲ್ಲಿ ಹಲವರು ಹೇಳುತ್ತಾರೆ. ತಮಿಳಿನಲ್ಲಿ ನಾರತ್ತೈ ಅಂದರೆ ಕಹಿ ಕಿತ್ತಳೆ ಜಾತಿಯ ಕಾಯಿ, ಉಪ್ಪಿನಕಾಯಿ ಹಾಕುತ್ತಾರಲ್ಲ, ಅದು. ಮಲಯಾಳದಲ್ಲಿ ನಾರಙ್ಙ. ಆ ಕೊನೆಯ 'ಙ್ಙ' ನೋಡಿ. ನಾವು ಮಾವಿನಕಾಯಿ ಅಂದರೆ ಅವರು ಮಾಙ್ಙ, ನಾವು ತೆಂಗಿನಕಾಯಿ ಅಂದರೆ ಅವರು ತೇಙ್ಙ. ಅಂದರೆ ಬಾಲದಲ್ಲಿ ಇರುವುದು ನಮ್ಮ 'ಕಾಯಿ'. ಆ ಮಾಙ್ಙ ಪೋರ್ಚುಗೀಸರ ಬಾಯಲ್ಲಿ ಮಾಂಗ ಆಗಿ, ಆಮೇಲೆ ಇಂಗ್ಲಿಷಿನ ಮ್ಯಾಂಗೊ ಆಯಿತು.

ಕೆಲವರು ಇನ್ನೂ ಮುಂದೆ ಹೋಗಿ 'ನಾರು' ಅನ್ನುವ ಪದಕ್ಕೆ ಗಂಟು ಹಾಕುತ್ತಾರೆ. ಈಗ ನಾರುವುದು ಅಂದರೆ ನಮಗೆ ಕೆಟ್ಟ ವಾಸನೆ, ಹಿಂದೆ ಬರೀ ವಾಸನೆ. ಘಮಘಮಿಸುವ ಕಾಯಿ ಅಂತ ಅರ್ಥ ಬರುತ್ತದೆ, ಕೇಳಲು ಚೆನ್ನಾಗಿದೆ. ನನಗೆ ಇದನ್ನು ಒಪ್ಪಲು ಮನಸ್ಸಿಲ್ಲ. ಹಳೆಗನ್ನಡದ ವಾಸನೆಯ ನಾಱುವಿನಲ್ಲಿ ಇರುವುದು ಶಕಟರೇಫ, ಆ ಒರಟು ಱ. ತಮಿಳಿನಲ್ಲೂ ವಾಸನೆಗೆ ಒರಟು ಱ, ನಾರತ್ತೈಗೆ ಸಾದಾ ರ. ತಮಿಳರು, ಮಲಯಾಳಿಗಳು ಈ ಎರಡನ್ನು ಇವತ್ತಿಗೂ ಬೇರೆ ಬೇರೆ ಬರೆಯುತ್ತಾರೆ. ಕನ್ನಡದಲ್ಲಿ ಎರಡೂ ಕಲೆತುಹೋಗಿರುವುದರಿಂದ ನಮಗೆ ಒಂದೇ ಅನಿಸುತ್ತದೆ ಅಷ್ಟೆ.

ಇಲ್ಲಿಂದ ಹೊರಟ ನಾರಂಗ ಪರ್ಷಿಯಾದಲ್ಲಿ ನಾರಂಗ್ ಆಯಿತು. ಅರಬ್ಬಿಯಲ್ಲಿ 'ಗ' ಇಲ್ಲ, ಹಾಗಾಗಿ ಅಲ್ಲಿ ನಾರಂಜ್. ಅರಬ್ಬರು ಸಿಸಿಲಿಗೂ ಸ್ಪೇನಿಗೂ ಗಿಡ ಒಯ್ದರು, ಗಿಡದ ಜೊತೆ ಪದವೂ ಹೋಯಿತು. ಸ್ಪೇನಿನಲ್ಲಿ ನ ಉಳಿಯಿತು. ಪೋರ್ಚುಗಲ್‌ನಲ್ಲಿ ನ ಹೋಗಿ ಲ ಬಂತು, ಲರಾಂಜ. ಇದು ನಮಗೆ ವಿಚಿತ್ರ ಅನಿಸಬಾರದು. ಇದೇ ಕೋಣೆಯಲ್ಲಿ ನಿಂಬೆಹಣ್ಣು ಅನ್ನುವವರೂ ಇದ್ದಾರೆ, ಲಿಂಬೆಹಣ್ಣು ಅನ್ನುವವರೂ ಇದ್ದಾರೆ. ನಾಲಿಗೆಗೆ ನ ಮತ್ತು ಲ ಅಕ್ಕಪಕ್ಕದ ಮನೆ.

ಇಟಲಿ, ಫ್ರಾನ್ಸ್‌ಗಳಲ್ಲಿ ನ ಪೂರ್ತಿ ಬಿದ್ದೇ ಹೋಯಿತು. ಅಲ್ಲಿ ಹಣ್ಣಿನ ಹಿಂದೆ 'ಒಂದು' ಅನ್ನುವ ಅರ್ಥದ ಪದ ಬರುತ್ತದೆ, ಅದು ನಕಾರದ ಸದ್ದಿನದ್ದು. ಉನ ನರಾಂಚ, ಉನ ನರಾಂಚ ಅಂತ ಬೇಗ ಬೇಗ ಹೇಳಿ ನೋಡಿ. ಎರಡು ನ ಒತ್ತೊತ್ತಿಗೆ ಬಂದು, ಒಂದು ಯಾರದ್ದು ಇನ್ನೊಂದು ಯಾರದ್ದು ಅಂತ ಕೇಳುವವರಿಗೆ ಗೊತ್ತಾಗುವುದಿಲ್ಲ. ಹಣ್ಣಿನ ನ ಹಿಂದಿನ ಪದಕ್ಕೆ ಸೇರಿಹೋಯಿತು. ಇಂಗ್ಲಿಷಿನಲ್ಲೇ 'ಎ ನಾರೆಂಜ್' ಹೋಗಿ 'ಆನ್ ಆರೆಂಜ್' ಆಯಿತು ಅಂತ ಬಹಳ ಜನ ಬರೆಯುತ್ತಾರೆ. ಅದು ತಪ್ಪು. ಪದ ಇಂಗ್ಲಿಷಿಗೆ ಬರುವ ಹೊತ್ತಿಗಾಗಲೇ ನ ಬಿದ್ದಾಗಿತ್ತು. ಇಂಗ್ಲಿಷಿನಲ್ಲಿ ನಿಜವಾಗಿ ನ ಕಳೆದುಕೊಂಡ ಪದಗಳು ಬೇರೆ ಇವೆ. ನಾವು ಅಡುಗೆಮನೆಯಲ್ಲಿ ಕಟ್ಟಿಕೊಳ್ಳುವ ಏಪ್ರನ್ ಮೊದಲು ನೇಪ್ರನ್ ಆಗಿತ್ತು, ಕ್ರಿಕೆಟ್ಟಿನ ಅಂಪೈರ್ ಮೊದಲು ನಂಪೈರ್.

ಫ್ರೆಂಚಿನಲ್ಲಿ ಮೊದಲಕ್ಷರ 'ಒ' ಆದದ್ದಕ್ಕೆ ಚಿನ್ನ ಕಾರಣ ಅನ್ನುತ್ತಾರೆ. ಫ್ರೆಂಚಿನಲ್ಲಿ ಚಿನ್ನಕ್ಕೆ ಒರ್. ಹೊಳೆಯುವ ಹಣ್ಣು, ಚಿನ್ನದ ಹಣ್ಣು, ಜನರ ಮನಸ್ಸಿನಲ್ಲಿ ಎರಡೂ ಕೂಡಿಕೊಂಡವು. ಹಳೆಯ ಫ್ರೆಂಚಿನಲ್ಲಿ ಬರೀ ಒರಾಂಜ್ ಅನ್ನುತ್ತಿರಲಿಲ್ಲ, ಮುಂದೆ 'ಪೊಮ್' ಸೇರಿಸುತ್ತಿದ್ದರು. ಪೊಮ್ ಅಂದರೆ ಇವತ್ತು ಸೇಬು. ಆದರೆ ಹಿಂದೆ ಲ್ಯಾಟಿನ್ನಿನ ಪೋಮುಂ ಅಂದರೆ ಯಾವ ಹಣ್ಣಾದರೂ ಆಗಬಹುದಿತ್ತು. ಜರ್ಮನ್, ಡಚ್, ಇಂಗ್ಲಿಷಿನ 'ಆಪಲ್' ಕೂಡ ಹಾಗೇ ಸಡಿಲವಾಗಿತ್ತು. ಅದಕ್ಕೇ ಆಲೂಗಡ್ಡೆ ಫ್ರೆಂಚರಿಗೆ ನೆಲದ ಸೇಬು, ಟೊಮ್ಯಾಟೊ ಇಟಲಿಯವರಿಗೆ ಚಿನ್ನದ ಸೇಬು.

ನಮ್ಮಲ್ಲಿ ಆ ಕೆಲಸ ಮಾಡುವುದು 'ಕಾಯಿ'. ಬದನೆಕಾಯಿ, ಮೆಣಸಿನಕಾಯಿ, ನೆಲ್ಲಿಕಾಯಿ ಎಲ್ಲಕ್ಕೂ ಆಗುತ್ತದೆ. ಆದರೆ ಅಡುಗೆಮನೆಯಲ್ಲಿ ನಿಂತು "ಅರ್ಧ ಹೋಳು ಕಾಯಿ ತುರಿ" ಅಂದರೆ ಯಾರೂ ಬದನೆಕಾಯಿ ತುರಿಯುವುದಿಲ್ಲ. ಬರೀ ಕಾಯಿ ಅಂದರೆ ತೆಂಗಿನಕಾಯಿ. ಪೋಮುಂ, ಆಪಲ್‌ಗಳಿಗೆ ಆದದ್ದೂ ಇದೇ. ಎಲ್ಲ ಹಣ್ಣಿಗೂ ಇದ್ದ ಹೆಸರು, ಮನೆಯಲ್ಲಿ ಯಾವುದು ಜಾಸ್ತಿ ಬಳಕೆಯಲ್ಲಿತ್ತೋ ಅದಕ್ಕೆ ಅಂಟಿಕೊಂಡಿತು. ಹಾಗಾಗಿ ಡಚ್ಚರ ಚೀಟಿಯನ್ನು 'ಚೀನಾದ ಸೇಬು' ಅಂತ ಓದುವುದಕ್ಕಿಂತ 'ಚೀನಿಕಾಯಿ' ಅಂತ ಓದಿದರೆ ಸರಿಯಾಗಿ ಮುಟ್ಟುತ್ತದೆ. ಮಲೆನಾಡಿನಲ್ಲಿ ಸಿಹಿಗುಂಬಳಕ್ಕೆ ಚೀನಿಕಾಯಿ ಅನ್ನುತ್ತಾರಲ್ಲ, ಅದೇ ಅಚ್ಚು.

ಈಗ ಮುಖ್ಯವಾದ ವಿಷಯ. ಅರಬ್ಬರು ಯುರೋಪಿಗೆ ಒಯ್ದ ನಾರಂಜ್ ನಿಮ್ಮ ಕೈಯಲ್ಲಿರುವ ಹಣ್ಣಲ್ಲ. ಅದು ಕಹಿ ಕಿತ್ತಳೆ. ಸುಲಿದು ಬಾಯಿಗೆ ಹಾಕಿಕೊಂಡರೆ ಮುಖ ಕಿವುಚಬೇಕು. ಅದನ್ನು ಬೆಳೆಸಿದ್ದು ಹೂವಿನ ಘಮಕ್ಕೆ, ಅತ್ತರಿಗೆ, ಔಷಧಿಗೆ, ಅಡುಗೆಗೆ ಹುಳಿ ಹಿಂಡಲಿಕ್ಕೆ. ಸ್ಪೇನಿನ ಸೆವಿಲ್ ನಗರದ ರಸ್ತೆಬದಿಯಲ್ಲಿ ಇವತ್ತಿಗೂ ಸಾವಿರಾರು ಮರ ಇವೆ, ಹಣ್ಣು ಜಗ್ಗಿ ತೂಗುತ್ತಿರುತ್ತದೆ, ಯಾರೂ ಕಿತ್ತು ತಿನ್ನುವುದಿಲ್ಲ.

ಬ್ರಿಟನ್ನಿನವರು ಮಾತ್ರ ಈ ಸೆವಿಲ್ ಹಣ್ಣನ್ನು ತರಿಸಿ ಸಿಪ್ಪೆ ಸಮೇತ ಸಕ್ಕರೆ ಪಾಕಕ್ಕೆ ಹಾಕಿ ಮಾರ್ಮಲೇಡ್ ಮಾಡುತ್ತಾರೆ. ಈ ಮಾರ್ಮಲೇಡ್ ಪದದ ಮೇಲೆ ಬೇರೆಯೇ ಒಂದು ಸಂಜೆ ಮಾತಾಡಬಹುದು. ಪೋರ್ಚುಗೀಸಿನಲ್ಲಿ ಮಾರ್ಮೆಲು ಅಂದರೆ ಸೇಬಿಗೂ ಮರಸೇಬಿಗೂ ನೆಂಟ ಅನ್ನಬಹುದಾದ ಒಂದು ಗಟ್ಟಿ, ಒಗರು ಹಣ್ಣು. ಅದರಿಂದ ಮಾಡಿದ ಹಲ್ವದಂಥ ತಿನಿಸು ಮಾರ್ಮೆಲಾಡ. ಪೋರ್ಚುಗಲ್‌ನಲ್ಲಿ ಈಗಲೂ ಅದೇ ಅರ್ಥ. ಜರ್ಮನಿಯ ಮನೆಗಳಲ್ಲಿ ಯಾವ ಹಣ್ಣಿನ ಜಾಮ್ ಆದರೂ ಮಾರ್ಮೆಲಾಡೆ. ಬ್ರಿಟನ್ನಿನಲ್ಲಿ ಕಿತ್ತಳೆ, ನಿಂಬೆ ಜಾತಿಯದ್ದು ಮಾತ್ರ. 2001ರಲ್ಲಿ ಯುರೋಪಿನ ಒಕ್ಕೂಟ ಮಾಡಿದ ನಿಯಮದಲ್ಲಿ ಬ್ರಿಟನ್ನಿನ ಅರ್ಥವೇ ಗೆದ್ದಿತು. ನಿಂಬೆ, ಕಿತ್ತಳೆ ಜಾತಿಯ ಹಣ್ಣಿನಿಂದ ಮಾಡಿದ್ದಕ್ಕೆ ಮಾತ್ರ ಅಂಗಡಿಯಲ್ಲಿ ಆ ಹೆಸರು ಹಾಕಬಹುದು ಅಂತ ಬರೆದರು. ಆಸ್ಟ್ರಿಯಾದವರಿಗೆ ಸಿಟ್ಟು ಬಂತು, ಅವರ ಏಪ್ರಿಕಾಟ್ ಮಾರ್ಮೆಲಾಡೆಯ ಗತಿ ಏನು? ಆಮೇಲೆ ಊರ ಸಂತೆಗಳಲ್ಲಿ ಮಾರುವವರಿಗೆ ಸ್ವಲ್ಪ ಸಡಿಲ ಕೊಟ್ಟರು. ಇನ್ನೊಂದು ವಿಷಯ ನಿಮಗೆ ಇಷ್ಟವಾಗಬಹುದು. ನಮ್ಮ ಬಿಲ್ವಪತ್ರೆ ಮರ ಇದೆಯಲ್ಲ, ಅದರ ಸಸ್ಯಶಾಸ್ತ್ರದ ಹೆಸರು ಏಗ್ಲೆ ಮಾರ್ಮೆಲೋಸ್. ಬಿಲ್ವದ ಕಾಯಿ ನೋಡಿದ ಪೋರ್ಚುಗೀಸರಿಗೆ ತಮ್ಮೂರಿನ ಮಾರ್ಮೆಲು ನೆನಪಾಯಿತು, ಆ ಹೆಸರೇ ಉಳಿಯಿತು. ಬಿಲ್ವವೂ ಕಿತ್ತಳೆಯೂ ಒಂದೇ ಕುಟುಂಬದ ಗಿಡಗಳು.

ಸಿಹಿ ಕಿತ್ತಳೆ ಯುರೋಪಿನಲ್ಲಿ ಹರಡಿದ್ದು ಕಹಿಯದು ಬಂದು ಕೆಲವು ನೂರು ವರ್ಷ ಆದ ಮೇಲೆ, 15 ಮತ್ತು 16ನೇ ಶತಮಾನದಲ್ಲಿ. ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ ಮೇಲೆ ಪೂರ್ವದ ಸಮುದ್ರದಲ್ಲಿ ಪೋರ್ಚುಗೀಸರದ್ದೇ ಓಡಾಟ. ಸಿಹಿ ಕಿತ್ತಳೆ ಅಂದರೆ ಪೋರ್ಚುಗೀಸರು ಅನ್ನುವ ಮಟ್ಟಕ್ಕೆ ಅವರು ಅದನ್ನು ಬೆಳೆದರು, ಮಾರಿದರು. ಕಹಿ ಹಣ್ಣಿನ ಪರಿಚಯ ಇದ್ದವರಿಗೆ ಈ ಹೊಸದು ಬೇರೆಯೇ ಹಣ್ಣು. ಅದಕ್ಕೆ ಬೇರೆ ಹೆಸರು ಬೇಕಾಯಿತು. ಗ್ರೀಕರು ಕಹಿಯದನ್ನು ನೆರಾಂಜಿ ಅಂತಲೇ ಇಟ್ಟುಕೊಂಡು ಸಿಹಿಯದಕ್ಕೆ ಪೊರ್ತೊಕಾಲಿ ಅಂದರು. ತುರ್ಕಿಯವರು ಪೋರ್ತಕಾಲ್ ಅಂದರು. ಇಟಲಿಯೊಳಗೇ ನೇಪಲ್ಸ್‌ನ ಆಡುಮಾತಿನಲ್ಲಿ ಪುರ್ತುವಾಲ್ಲೊ. ಉತ್ತರದವರು, ಅಂದರೆ ಡಚ್ಚರು, ಜರ್ಮನ್ನರು, ಅವರಿಂದ ಕಲಿತ ಸ್ವೀಡನ್, ರಷ್ಯಾದವರು, ಪೋರ್ಚುಗಲ್ ದಾಟಿ ಇನ್ನೂ ಹಿಂದೆ ನೋಡಿ ಚೀನಾದ ಹೆಸರು ಹಿಡಿದರು. ಅಪೆಲ್ಸಿನ್‌ನ ಕೊನೆಯ 'ಸಿನ್' ಅದೇ. ಬೆಲ್ಜಿಯಂನ ಡಚ್ ಮಾತಿನವರು ಆಪೆಲ್ಸೀನ್ ಅನ್ನುತ್ತಾರೆ, ಗಡಿ ದಾಟಿದರೆ ಸಿನಾಸಾಪೆಲ್. ಅವೇ ಎರಡು ತುಂಡು, ಹಿಂದುಮುಂದು ಆಗಿವೆ ಅಷ್ಟೆ.

ಅಲ್ಲಿಗೆ ನೋಡಿ. ಗ್ರೀಕರ ಬಾಯಲ್ಲಿ ಈ ಹಣ್ಣು ಪೋರ್ಚುಗಲ್, ಆದರೆ ಪೋರ್ಚುಗಲ್‌ನವರ ಬಾಯಲ್ಲಿ ನಮ್ಮ ನಾರಂಗ. ರಷ್ಯಾದವರ ಬಾಯಲ್ಲಿ ಅದು ಚೀನಾದ್ದು. ನನಗೆ ಇದಕ್ಕಿಂತ ಆಶ್ಚರ್ಯ ಆದದ್ದು ಅರಬ್ಬರದ್ದು. ನಾರಂಜ್ ಪದವನ್ನು ಯುರೋಪಿಗೆ ಒಯ್ದು ಕೊಟ್ಟವರೇ ಅವರು. ಅವರೇ ಸಿಹಿ ಹಣ್ಣು ಬಂದಾಗ ತಮ್ಮ ಪದ ಬಿಟ್ಟು ಬುರ್ತುಕಾಲ್ ಅಂದರು. ಕೊಟ್ಟವರೇ ತಿರುಗಿ ಇಸ್ಕೊಂಡರು.

ಹಣ್ಣು ಎಲ್ಲಿ ಹುಟ್ಟಿತು ಅನ್ನುವ ಪ್ರಶ್ನೆಗೆ ಹೆಸರಿನಲ್ಲಿ ಉತ್ತರ ಹುಡುಕುವವರು ಇದಕ್ಕೇ ದಾರಿ ತಪ್ಪುತ್ತಾರೆ. ಹೆಸರು ಹೆಚ್ಚಾಗಿ ಹೇಳುವುದು ಕೊನೆಗೆ ಕೈಗೆ ಕೊಟ್ಟವರು ಯಾರು ಅನ್ನುವುದನ್ನು. ಹುಟ್ಟಿನ ವಿಷಯ ಸಸ್ಯಶಾಸ್ತ್ರದವರನ್ನು ಕೇಳಬೇಕು. ಅವರ ಪ್ರಕಾರ ಕಿತ್ತಳೆ ಕಾಡಿನ ಹಣ್ಣೇ ಅಲ್ಲ, ಚಕ್ಕೋತ ಮತ್ತು ಮ್ಯಾಂಡರಿನ್ ಅನ್ನುವ ಸಡಿಲ ಸಿಪ್ಪೆಯ ಹಣ್ಣು ಕೂಡಿ ಆದ ಮಿಶ್ರತಳಿ. ಕಹಿಯದೂ ಸಿಹಿಯದೂ ಬೇರೆ ಬೇರೆಯಾಗಿ ಆದವು.

ಜರ್ಮನಿ, ಪೋಲೆಂಡ್ ಗಡಿಯಲ್ಲಿ ಇನ್ನೊಂದು ಚಂದ ಇದೆ. ಮುಂದೆ ಪೊಮ್ ಸೇರಿದ ಹಳೆಯ ಹೆಸರು ಎರಡೂ ಕಡೆ ಉಳಿದಿದೆ. ಜರ್ಮನ್ನರ ಪೊಮೆರಾಂಟ್ಸೆ ಅಂದರೆ ಕಹಿ ಕಿತ್ತಳೆ. ಪೋಲೆಂಡಿನ ಪೊಮರಾಂಚ ಅಂದರೆ ಸಿಹಿ ಕಿತ್ತಳೆ. ಒಂದೇ ಪದ, ಗಡಿ ದಾಟಿದರೆ ರುಚಿಯೇ ಬೇರೆ.

ಈಗ ಅಕ್ಕನ ಮಗಳ ಪ್ರಶ್ನೆಗೆ ಬರುತ್ತೇನೆ. ಹಣ್ಣಿಗೆ ಚೀನಾದ ಹೆಸರಿದ್ದರೆ ರಾಜಮನೆತನಕ್ಕೆ ಆರೆಂಜ್ ಎಲ್ಲಿಂದ ಬಂತು? ದಕ್ಷಿಣ ಫ್ರಾನ್ಸ್‌ನಲ್ಲಿ ಒರಾಂಜ್ ಅಂತ ಒಂದು ಊರಿದೆ. ರೋಮನ್ನರ ಕಾಲದ ದೊಡ್ಡ ನಾಟಕಶಾಲೆ ಅಲ್ಲಿ ಇನ್ನೂ ನಿಂತಿದೆ. ಆ ಊರಿಗೂ ಹಣ್ಣಿಗೂ ಸಂಬಂಧವೇ ಇಲ್ಲ. ರೋಮನ್ನರು ಅದನ್ನು ಅರೌಸಿಯೊ ಅನ್ನುತ್ತಿದ್ದರು, ಸವೆದು ಸವೆದು ಒರಾಂಜ್ ಆಯಿತು. ಹಣ್ಣಿನ ಹೆಸರೂ ಬೇರೆ ದಾರಿಯಲ್ಲಿ ಸವೆದು ಅಲ್ಲಿಗೇ ಬಂತು. 1544ರಲ್ಲಿ ಆ ಊರಿನ ಒಡೆತನ ನಸಾವ್ ಮನೆತನದ ವಿಲಿಯಂ ಅನ್ನುವ 11 ವರ್ಷದ ಹುಡುಗನಿಗೆ ದಾಯಾದಿ ಕಡೆಯಿಂದ ಬಂತು. ಮುಂದೆ ಸ್ಪೇನಿನ ವಿರುದ್ಧ ಡಚ್ಚರ ದಂಗೆಗೆ ಮುಂದಾಳಾದವನು ಅವನೇ. ಹೆಸರು ಹಣ್ಣಿನಂತೆ ಕೇಳುತ್ತಿದ್ದುದರಿಂದ ಮನೆತನದ ಬಣ್ಣವೂ ಅದೇ ಆಯಿತು. ಅವನ ಗೌರವಕ್ಕೇ ಡಚ್ಚರು ಕಿತ್ತಳೆ ಬಣ್ಣದ ಕ್ಯಾರೆಟ್ ಬೆಳೆದರು ಅನ್ನುವ ಕಥೆಯೂ ಓಡಾಡುತ್ತದೆ, ಅದಕ್ಕೆ ಆಧಾರ ಇಲ್ಲ, ದಯವಿಟ್ಟು ಮುಂದೆ ಕಳಿಸಬೇಡಿ. ಅದೇ ಮನೆತನದ ಮೂರನೇ ವಿಲಿಯಂ ಇಂಗ್ಲೆಂಡಿನ ರಾಜನಾಗಿ 1690ರಲ್ಲಿ ಐರ್ಲೆಂಡಿನ ಬಾಯ್ನ್ ನದಿಯ ಹತ್ತಿರ ಯುದ್ಧ ಗೆದ್ದ. ಅಲ್ಲಿನ ಪ್ರಾಟೆಸ್ಟೆಂಟರು ಆ ಬಣ್ಣ ಹಿಡಿದರು. ಇವತ್ತು ಐರ್ಲೆಂಡಿನ ಬಾವುಟದಲ್ಲಿ ಹಸಿರಿನ ಎದುರು ಇರುವ ಪಟ್ಟಿ ಅದೇ.

ಹಾಗಾಗಿ ಡಚ್ಚರಲ್ಲಿ ಒರಾನ್ಯೆ ಅಂದರೆ ಬಣ್ಣ ಮತ್ತು ರಾಜಮನೆತನ, ಹಣ್ಣಲ್ಲ.

ಬಣ್ಣದ ಮಾತು ಬಂತಲ್ಲ. ಇಂಗ್ಲಿಷಿನಲ್ಲಿ ಆರೆಂಜ್ ಅನ್ನುವುದು ಬಣ್ಣದ ಹೆಸರಾದದ್ದು 16ನೇ ಶತಮಾನದ ಸುಮಾರಿಗೆ. ಅದಕ್ಕೂ ಮುಂಚೆ ಅಲ್ಲಿನವರು ಆ ಬಣ್ಣ ನೋಡಿರಲಿಲ್ಲವೇ? ನೋಡಿದ್ದರು, ಕೆಂಪು ಅನ್ನುತ್ತಿದ್ದರು. ಬ್ರಿಟನ್ನಿನ ತೋಟಗಳಲ್ಲಿ ರಾಬಿನ್ ಅನ್ನುವ ಪುಟ್ಟ ಹಕ್ಕಿ ಇದೆ. ಅದರ ಎದೆ ಅಚ್ಚ ಕಿತ್ತಳೆ ಬಣ್ಣ, ಹೆಸರು ಮಾತ್ರ 'ಕೆಂಪೆದೆ'. ನಮ್ಮಲ್ಲಿ ಎಳನೀರಿನ ಗಾಡಿ ಮುಂದೆ ನಿಂತು ಕೆಂದಾಳೆ ಕೇಳುತ್ತೇವೆ. ಆ ಬುರುಡೆ ಕೆಂಪಾಗಿದೆಯಾ? ಸರಿಯಾಗಿ ನೋಡಿ, ಅದು ಕಿತ್ತಳೆ ಬಣ್ಣ. ಹೆಸರಿಟ್ಟ ಕಾಲದಲ್ಲಿ ಅದೂ ಕೆಂಪಿನ ಒಳಗೇ ಇತ್ತು. ಆಮೇಲೆ ನಮಗೂ ಇಂಗ್ಲಿಷಿನವರಿಗೂ ಒಂದೇ ಉಪಾಯ ಹೊಳೆಯಿತು, ಹಣ್ಣಿನ ಹೆಸರನ್ನೇ ಬಣ್ಣಕ್ಕೆ ಇಟ್ಟೆವು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯಲೇಬೇಕು. ಮುಂದಿನ ಸಾಲಿನಲ್ಲಿದ್ದ ಮಡಿಕೇರಿ ಕಡೆಯ ಹಿರಿಯರೊಬ್ಬರು, "ಅಲ್ಲ ಸಾರ್, ನಮ್ಮ ಕೊಡಗಿನ ಕಿತ್ತಳೆ ಇದರಲ್ಲಿ ಯಾವುದು?" ಅಂತ ಕೇಳಿದರು. ನಾನು ಮೊದಲೇ ಹೇಳಬೇಕಿತ್ತು. ಸಡಿಲ ಸಿಪ್ಪೆಯ, ಉಗುರು ತಾಗಿಸಿದರೆ ಬಿಚ್ಚಿಕೊಳ್ಳುವ ಕೊಡಗಿನ ಕಿತ್ತಳೆ ಮ್ಯಾಂಡರಿನ್ ಜಾತಿಯದು. ಯುರೋಪಿನವರಿಗೆ ಅದು ಬೇರೆ ಹಣ್ಣು, ಹೆಸರೂ ಬೇರೆ, ಸ್ವೀಡನ್‌ನಿಂದ ಸ್ಪೇನಿನವರೆಗೆ ಅದಕ್ಕೆ ಮ್ಯಾಂಡರಿನ್ ಅಂತಲೇ ಅನ್ನುತ್ತಾರೆ. ಮ್ಯಾಂಡರಿನ್ ಅಂದರೆ ಚೀನಾದ ಹಿರಿಯ ಅಧಿಕಾರಿ. ಆದರೆ ಅದು ಚೀನೀ ಪದವಲ್ಲ. ಪೋರ್ಚುಗೀಸರು ಅದನ್ನು ಕಲಿತದ್ದು ಮಲಯ ಭಾಷೆಯ ಮೆಂತೆರಿಯಿಂದ, ಮಲಯದವರಿಗೆ ಅದು ಹೋದದ್ದು ಸಂಸ್ಕೃತದ ಮಂತ್ರಿಯಿಂದ. ಹಿರಿಯರು ಕೈಯಲ್ಲಿದ್ದ ತೊಳೆಯನ್ನು ಒಂದು ಸಲ ನೋಡಿ, "ಮಂತ್ರಿ ಹಣ್ಣು!" ಅಂತ ನಕ್ಕು ಬಾಯಿಗೆ ಹಾಕಿಕೊಂಡರು.

ಇನ್ನೊಂದು ಪ್ರಶ್ನೆ ಹಿಂದೆ ನಿಂತಿದ್ದ ಕಾಲೇಜು ಹುಡುಗಿಯದು. "ಕೊನೆಗೆ ಕೊಟ್ಟವರ ಹೆಸರು ಇಡೋದು ಯುರೋಪಿನವರು ಮಾತ್ರಾನಾ ಸಾರ್? ನಾವು ಮಾಡಿಲ್ವಾ?" ಮಾಡಿದ್ದೇವೆ. ಪಪ್ಪಾಯಿಗೆ ನಾವು ಪರಂಗಿ ಅನ್ನುತ್ತೇವೆ, ಪರಂಗಿಯವರು ತಂದದ್ದು ಅಂತ, ಅದರ ಹುಟ್ಟೂರು ಅಮೆರಿಕ. ಜ್ಯೂಸ್ ಅಂಗಡಿಯ ಬೋರ್ಡಿನಲ್ಲಿ ಕಿತ್ತಳೆಯ ಪಕ್ಕದಲ್ಲೇ ಇನ್ನೊಂದು ಹೆಸರು ಬರೆದಿರುತ್ತಾರೆ, ದಿನಾ ನೋಡುತ್ತೇವೆ. ಮೋಸಂಬಿ. ಪೋರ್ಚುಗೀಸರ ಹಡಗುಗಳು ಭಾರತಕ್ಕೆ ಬರುವಾಗ ತಂಗುತ್ತಿದ್ದ ಆಫ್ರಿಕಾದ ಕರಾವಳಿಯ ಹೆಸರು ಅದು, ಮೊಜಾಂಬಿಕ್.